ನಾಗರಖಂಡದ ಸ್ವಾಸ್ತ್ಯ: ಬಂದಳಿಕೆಯ ಜಕ್ಕಿಯಬ್ಬೆ

ಇಂದಿನ ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಬಹುಭಾಗ ಹಿಂದೆ ಬನವಾಸಿ 12000ಕ್ಕೆ ಸೇರಿತ್ತು. ಅದರೊಳಗಿನ ಒಂದು ನಾಡು ನಾಗರಖಂಡ 70. ಅರಸುಮನೆತನಗಳು ಬಂದು ಹೋದರೂ ನಾಡಿನ ಆಡಳಿತ ನಡೆದದ್ದು ನಾಳ್ಗಾವುಂಡರ ಕೈಯಲ್ಲಿ. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಎರಡು ಶಾಸನ ಸಂಪುಟಗಳನ್ನು ತಿರುವಿದರೆ, ಈ ಸೀಮೆಯಲ್ಲಿ ಭೂಮಿ ಯಾರಿಂದ ಯಾರಿಗೆ ಸಂದಿತೆಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಊರಿಗಾಗಿ, ತುರುಗಳಿಗಾಗಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲುತ್ತಿತ್ತು. ಅವನ ಮನೆಯವರಿಗೆ ಕಲ್ನಾಡು ಸಲ್ಲುತ್ತಿತ್ತು. ಸೊರಬದ ಹೊಲಗಳ ಅಂಚಿನಲ್ಲಿ ಇಂಥ ವೀರಗಲ್ಲುಗಳು ಇಂದಿಗೂ ಹೇರಳವಾಗಿವೆ.

ಆದರೆ ನಮ್ಮನ್ನು ಹೆಚ್ಚು ಕಾಲ ತಡೆದು ನಿಲ್ಲಿಸಿದ್ದು ಬಂದಳಿಕೆಯ ಒಂದು ಶಾಸನ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆಯ ಕೊನೆಗಾಲ, ಸುಮಾರು ಕ್ರಿ.ಶ. 911. ನಾಗರಖಂಡದ ನಾಳ್ಗಾವುಂಡ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ಹೆಣ್ಣಾಗಿಯೂ ಆಡಳಿತದಲ್ಲಿ ಸಮರ್ಥಳು, ಜಿನಶಾಸನದಲ್ಲಿ ಭಕ್ತಳು ಎಂದು ಶಾಸನ ಹೊಗಳುತ್ತದೆ. ಕೆಲವು ವರ್ಷಗಳ ಬಳಿಕ ಆಕೆ ರೋಗಪೀಡಿತಳಾದಳು, ಲೋಕಭೋಗವು ನಿಸ್ಸಾರವೆನಿಸಿತು. ಮಗಳನ್ನು ಕರೆದು ತನ್ನ ಸೊತ್ತನ್ನು ಆಕೆಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು.

ಇದನ್ನು ಮಧ್ಯಯುಗದ ಸ್ತ್ರೀಸ್ವಾತಂತ್ರ್ಯಕ್ಕೆ ನಿದರ್ಶನವಾಗಿ ಉದ್ಧರಿಸುವ ವಾಡಿಕೆಯಿದೆ. ನಾವು ಅಷ್ಟು ಬೇಗ ಒಪ್ಪಲಾರೆವು. ಗಂಡನ ಪದವಿ ಆಕೆಗೆ ಬಂದದ್ದು ಪ್ರಭುವಿನ ಅನುಗ್ರಹದಿಂದ. ಮಗಳಿಗೆ ಸೊತ್ತು ಸಂದದ್ದು ತಾಯಿಯ ಇಚ್ಛೆಯಿಂದ. ಹೊಗಳಿಕೆಯೊಳಗಿನ ‘ಹೆಣ್ಣಾಗಿಯೂ’ ಎಂಬ ಮಾತೇ, ಇದು ಸಾಮಾನ್ಯ ಪದ್ಧತಿಯಾಗಿರಲಿಲ್ಲವೆಂದು ತಿಳಿಸುತ್ತದೆ. ಅನುಗ್ರಹ ಬೇರೆ, ಹಕ್ಕು ಬೇರೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದದ್ದು ಇದಾದ ಸುಮಾರು ಇನ್ನೂರು ವರ್ಷಗಳಿಗೆ. ವಿಭಕ್ತನಾಗಿ, ಗಂಡುಸಂತಾನವಿಲ್ಲದೆ ಸತ್ತವನ ಸೊತ್ತು ಮೊದಲು ಪತ್ನಿಗೆ, ಅನಂತರ ಹೆಣ್ಣುಮಕ್ಕಳಿಗೆ ಎಂಬ ಕ್ರಮವನ್ನು ಅವನು ಎತ್ತಿಹಿಡಿದನು. ಅವಿಭಕ್ತ ಕುಟುಂಬದ ವಿಧವೆಗೆ ಮಾತ್ರ ಅಲ್ಲಿಯೂ ಜೀವನಾಂಶವೇ ಗತಿ.

ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಚಲ್ಪಹಾದನ ಐವರು ಹೆಣ್ಣುಮಕ್ಕಳು ಯಾರ ಅನುಗ್ರಹಕ್ಕೂ ಕಾಯಲಿಲ್ಲ. ಮೋಶೆಯ ಮುಂದೆ, ಸರ್ವಸಮೂಹದ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರ ಮಾತು ನ್ಯಾಯವೆಂದು ಯೆಹೋವನೇ ನುಡಿದನು, ಅದು ಇಸ್ರಾಯೇಲಿಗೆ ವಿಧಿಯಾಯಿತು. ನಮ್ಮ ಪ್ರಸಂಗಗಳು ಇಲ್ಲಿಗೇ ನಿಲ್ಲುತ್ತವೆ. 36ನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ಮರಳಿ ಬರುತ್ತಾರೆ; ಭೂಮಿ ಮನಸ್ಸೆ ಕುಲವನ್ನು ದಾಟದಂತೆ ಆ ಹೆಣ್ಣುಮಕ್ಕಳು ಸ್ವಕುಲದಲ್ಲಿಯೇ ಮದುವೆಯಾಗಬೇಕಾಯಿತು.

ಸಭಾಪಾಲಕರಾದ ನಾವು ಸಾವಿನ ಮನೆಗೆ ಹೋಗಿ ಪರಲೋಕದ ಸ್ವಾಸ್ತ್ಯವನ್ನು ಸಾರುತ್ತೇವೆ. ಪೌತಿ ಖಾತೆಯ ಅರ್ಜಿಯಲ್ಲಿ ವಿಧವೆಯ ಹೆಸರು, ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ಕೇಳುವವರು ವಿರಳ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮಕ್ಕಳಿರುವ ಕ್ರೈಸ್ತನು ಉಯಿಲು ಬರೆಯದೆ ತೀರಿಕೊಂಡರೆ ಸೊತ್ತಿನ ಮೂರನೆಯ ಒಂದು ಪಾಲು ಅವನ ಹೆಂಡತಿಗೆ; ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸಲ್ಲುತ್ತದೆ.