ಗೋಡೆಯ ಪಟ, ಅಂಗಡಿಯ ಹೆಸರು: ಕ್ಯಾಲೆಂಡರ್ ಚಿತ್ರಕಾರರ ಕಸುಬಿನ ಇತಿಹಾಸ

ಭಾರತದಲ್ಲಿ ಕ್ಯಾಲೆಂಡರ್ ಚಿತ್ರಕಾರರ ಕಸುಬು ಹುಟ್ಟಿದ್ದು ಕಲ್ಲಚ್ಚಿನಿಂದ. ಬವೇರಿಯದ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಗೆ ಕಂಡುಕೊಂಡ ಈ ವಿಧಾನ ನಿಂತಿರುವುದು ಜಿಡ್ಡಿಗೂ ನೀರಿಗೂ ಕೂಡಿಬಾರದೆಂಬ ಒಂದೇ ಸಂಗತಿಯ ಮೇಲೆ. ನುಣುಪಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ, ಬರೆದಲ್ಲಿ ಮಾತ್ರ ಶಾಯಿ ಹತ್ತುತ್ತದೆ. ಅಚ್ಚುಮೊಳೆ ಬೇಕಿಲ್ಲ, ಅಕ್ಷರವಾಗಲಿ ಚಿತ್ರವಾಗಲಿ ಕೈಯಲ್ಲಿ ಬರೆದಂತೆಯೇ ಕಾಗದಕ್ಕೆ ಬರುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲೇ. ಮುಂದೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಎಂಬ ಲೆಕ್ಕದಲ್ಲಿ ಹತ್ತಾರು ಕಲ್ಲುಗಳಿಂದ ಬಣ್ಣದ ಚಿತ್ರ ಅಚ್ಚಾಗತೊಡಗಿದಾಗ, ಗುಡಿಗೆ ಹೋಗಿ ಕೈಮುಗಿಯಬೇಕಿದ್ದ ದೇವರು ಮನೆಯ ಗೋಡೆಗೇ ಬಂದರು. ಅವರೊಂದಿಗೆ, ಅರಮನೆಯ ಆಶ್ರಯವಿಲ್ಲದೆ, ಸಂಬಳದ ನೌಕರಿಯೂ ಇಲ್ಲದೆ, ಚಿತ್ರಕ್ಕಿಷ್ಟು ಎಂದು ಹಣ ಪಡೆದು ಬದುಕುವ ಚಿತ್ರಕಾರನೂ ಪೇಟೆಗೆ ಬಂದ.

1878ರಲ್ಲಿ ಕಲ್ಕತ್ತದಲ್ಲಿ ‘ಕಲ್ಕತ್ತ ಆರ್ಟ್ ಸ್ಟುಡಿಯೊ’ವೂ ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ‘ಚಿತ್ರಶಾಳಾ’ ಮುದ್ರಣಾಲಯವೂ ದೇವರ ಪಟಗಳ ವ್ಯಾಪಾರ ಆರಂಭಿಸಿದ್ದವು. ಆದರೆ ಈ ವ್ಯಾಪಾರದ ಅಳತೆಯನ್ನೇ ಬದಲಿಸಿದವರು ರಾಜಾ ರವಿವರ್ಮ (1848–1906). ತೈಲಚಿತ್ರಗಳನ್ನು ಯುರೋಪಿಗೆ ಕಳಿಸಿ ಅಚ್ಚು ಮಾಡಿಸಿದರೆ ಜನರೆಲ್ಲರ ಕೈಗೆ ಸಿಗುತ್ತವೆ ಎಂದು ಬರೋಡದ ದಿವಾನರಾಗಿದ್ದ ಟಿ. ಮಾಧವರಾವ್ ಸಲಹೆ ಕೊಟ್ಟಿದ್ದರು. ರವಿವರ್ಮ ಮತ್ತು ಅವರ ತಮ್ಮ ರಾಜರಾಜವರ್ಮ ಒಂದು ಹೆಜ್ಜೆ ಮುಂದೆ ಹೋಗಿ, 1894ರಲ್ಲಿ ಜರ್ಮನಿಯ ಯಂತ್ರಗಳನ್ನೂ ಕುಶಲಕರ್ಮಿಗಳನ್ನೂ ತರಿಸಿ ಮುಂಬೈಯಲ್ಲಿ ಸ್ವಂತ ಮುದ್ರಣಾಲಯ ತೆರೆದರು. ಮೈಸೂರು ಮತ್ತು ಬರೋಡದ ಅರಮನೆಗಳಿಗೆ ಬರೆದುಕೊಟ್ಟ ಪುರಾಣದ ಚಿತ್ರಗಳನ್ನು ನೋಡಲು ದೊಡ್ಡವರ ಪರಿಚಯ ಬೇಕಿತ್ತು. ಅಚ್ಚಿನ ಲಕ್ಷ್ಮಿ ಸರಸ್ವತಿಯರಿಗೆ ಕೆಲವು ಆಣೆ ಸಾಕಿತ್ತು. ಪ್ಲೇಗಿನ ಹಾವಳಿಯಿಂದ ಮುದ್ರಣಾಲಯ ಲೋನಾವಳದ ಹತ್ತಿರದ ಮಳವಲಿಗೆ ಸ್ಥಳಾಂತರವಾಯಿತು. ಸಾಲ ಏರಿತು. 20ನೆಯ ಶತಮಾನದ ಆರಂಭದಲ್ಲೇ ರವಿವರ್ಮರು ಮುದ್ರಣಾಲಯವನ್ನು, ಅದರೊಡನೆ ಚಿತ್ರಗಳನ್ನು ಅಚ್ಚು ಹಾಕುವ ಹಕ್ಕನ್ನೂ, ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಷ್ಲೈಶರನಿಗೆ ಮಾರಿದರು. ಅಲ್ಲಿಂದಾಚೆ ರವಿವರ್ಮರ ಹೆಸರಿನಲ್ಲಿ ದೇಶದ ತುಂಬ ಹರಡಿದ ಪಟಗಳ ಆದಾಯ ರವಿವರ್ಮರದಾಗಿರಲಿಲ್ಲ. ಚಿತ್ರ ಬರೆದವನೊಬ್ಬ, ಚಿತ್ರದ ಒಡೆಯ ಇನ್ನೊಬ್ಬ ಎಂಬ ಈ ಏರ್ಪಾಡು ಇಡೀ ಕಸುಬಿನ ಚರಿತ್ರೆಯುದ್ದಕ್ಕೂ ನಡೆದುಬಂದಿದೆ.

ಪಟದ ಜೊತೆಗೆ ಸರಕಿನ ಹೆಸರು ಸೇರಿದ್ದು ಬಟ್ಟೆಯ ವ್ಯಾಪಾರದಿಂದ. ಮ್ಯಾಂಚೆಸ್ಟರಿನ ಗಿರಣಿಗಳು ಭಾರತಕ್ಕೆ ಕಳಿಸುತ್ತಿದ್ದ ತಾನುಗಳ ಮೇಲೆ ಕೃಷ್ಣ, ಗಣಪತಿ, ಲಕ್ಷ್ಮಿಯರ ಬಣ್ಣದ ಚೀಟಿ ಅಂಟಿಸುತ್ತಿದ್ದವು. ಓದು ಬಾರದ ಗಿರಾಕಿ ಚಿತ್ರ ನೋಡಿ ಗಿರಣಿಯನ್ನು ಗುರುತಿಸುತ್ತಿದ್ದ. ಸಾಬೂನು, ಗ್ರೈಪ್ ವಾಟರ್, ಮಗುವಿನ ಆಹಾರ ಮಾರುವ ವಿದೇಶಿ ಕಂಪನಿಗಳು ಇದನ್ನೇ ಹಿಗ್ಗಿಸಿ, ಮೇಲೆ ದೇವರು, ಕೆಳಗೆ ಸರಕಿನ ಹೆಸರು, ಅದರಡಿಗೆ ತಾರೀಕಿನ ಹಾಳೆ ಇರುವ ಕ್ಯಾಲೆಂಡರನ್ನು ಹಂಚತೊಡಗಿದವು. ವರ್ಷ ಮುಗಿದ ಮೇಲೂ ಜನ ಅದನ್ನು ಎಸೆಯುತ್ತಿರಲಿಲ್ಲ. ತಾರೀಕಿನ ಹಾಳೆ ಕತ್ತರಿಸಿ, ದೇವರ ಪಟಕ್ಕೆ ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಿದ್ದರು. ಅಂಗಡಿಯ ಹೆಸರಿಗೆ ದಿನವೂ ಹೂವಿನ ಸನ್ನಿಧಿ ದೊರೆಯುವ ಇಂಥ ಜಾಹೀರಾತು ಬೇರೆ ಯಾವ ದೇಶದ ವ್ಯಾಪಾರಿಗೂ ಸಿಕ್ಕಿರಲಾರದು. ಮೈಸೂರು ಸಂಸ್ಥಾನ ಸ್ವದೇಶಿ ಉದ್ಯಮಕ್ಕೆ ಇಳಿದಾಗಲೂ ಗುರುತಿನ ಚಿತ್ರದ ಬಲವನ್ನು ಮರೆಯಲಿಲ್ಲ: ಆನೆಯ ತಲೆ, ಸಿಂಹದ ಮೈಯ ಶರಭ ಮೈಸೂರು ಸ್ಯಾಂಡಲ್ ಸೋಪಿನ ಗುರುತಾಗಿ ಇಂದಿಗೂ ಉಳಿದಿದೆ.

ಈ ಕೆಲಸಕ್ಕೆ ಶಾಲೆಯ ಮನ್ನಣೆ ಸಿಕ್ಕಿದ್ದು ತಡವಾಗಿ. ಮುಂಬೈಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಮರ್ಷಿಯಲ್ ಆರ್ಟ್ ವಿಭಾಗ 1935ರಲ್ಲಿ ಶುರುವಾಯಿತು. ಅಷ್ಟರಲ್ಲಿ ಮುಂಬೈ ಹತ್ತಿಯ ಗಿರಣಿಗಳ ಊರಷ್ಟೇ ಆಗಿರದೆ ಸಿನಿಮಾದ ಊರೂ ಆಗಿತ್ತು. ಕೊಲ್ಹಾಪುರದ ಬಾಬುರಾವ್ ಪೇಂಟರ್ 1920ರ ದಶಕದಲ್ಲೇ ತಮ್ಮ ಚಿತ್ರಗಳಿಗೆ ತಾವೇ ಪೋಸ್ಟರ್ ಬರೆಯುತ್ತಿದ್ದರು. ಜಾಹೀರಾತು ಏಜೆನ್ಸಿಯಲ್ಲಿ ಸಂಬಳಕ್ಕೆ ಸೇರದವರಿಗೆ ಚಿತ್ರಮಂದಿರ, ಪ್ರಕಾಶಕರು, ವಾರಪತ್ರಿಕೆ, ಔಷಧದ ಕಂಪನಿ, ದೀಪಾವಳಿ ವಿಶೇಷಾಂಕ ಹೀಗೆ ಹತ್ತು ಕಡೆಯ ಕೆಲಸ ಸಿಗುತ್ತಿತ್ತು. ದೀನಾನಾಥ್ ದಲಾಲ್ ಮತ್ತು ರಘುವೀರ್ ಮುಳಗಾಂವಕರ್ ಮರಾಠಿ ಪುಸ್ತಕ, ಪತ್ರಿಕೆಗಳ ಮುಖಪುಟಗಳಿಂದಲೇ ಮನೆಮಾತಾದರು.

ಇದೇ ಮುಂಬೈಗೆ ಕಲಬುರಗಿಯಿಂದ ಬಂದವರು ಎಸ್. ಎಂ. ಪಂಡಿತ್ (1916–1993). ಊರಿನಲ್ಲಿ ಆರಂಭಿಕ ಪಾಠ, ಮದರಾಸಿನ ಕಲಾಶಾಲೆಯಲ್ಲಿ ತರಬೇತಿ, ಅನಂತರ ಮುಂಬೈಯಲ್ಲಿ ಮುಂದಿನ ಅಭ್ಯಾಸ. ನಿಜಾಮನ ಸಂಸ್ಥಾನದ ಒಂದು ಊರಿನ ಹುಡುಗನಿಗೆ ಅಂದು ಚಿತ್ರಕಲೆಯಿಂದ ಜೀವನ ಸಾಗಿಸುವ ದಾರಿ ಎಂದರೆ ಮುಂಬೈಯ ದಾರಿಯೇ. 1938ರಲ್ಲಿ ಬಾಗಿಲು ತೆರೆದ ಮೆಟ್ರೊ ಚಿತ್ರಮಂದಿರದಲ್ಲಿ ಹಾಲಿವುಡ್ಡಿನ ಎಂಜಿಎಂ ಸಂಸ್ಥೆಯ ಚಿತ್ರಗಳು ಬರುತ್ತಿದ್ದವು. ಅವುಗಳ ಪ್ರಚಾರಕ್ಕೆ ಮೊಗಸಾಲೆಯಲ್ಲಿ ಇಡುವ ಷೋಕಾರ್ಡುಗಳನ್ನು ಪೋಸ್ಟರ್ ಕಲರಿನಲ್ಲಿ ಬರೆಯುವ ಕೆಲಸ ಪಂಡಿತರ ಕೈ ಪಳಗಿಸಿತು. ತೈಲವರ್ಣದಂತೆ ಅದು ಒಣಗಲು ದಿನಗಟ್ಟಲೆ ಕಾಯಿಸುವುದಿಲ್ಲ. ತೆಳುವಾಗಿ ಹಚ್ಚಿದರೆ ಜಲವರ್ಣದ ತಿಳಿ, ದಪ್ಪಗೆ ಹಚ್ಚಿದರೆ ಮುಚ್ಚುವ ಗಟ್ಟಿತನ. ನಾಳೆಗೆ ಬೇಕೆಂದವರಿಗೆ ನಾಳೆಗೇ ಕೊಡಬೇಕಾದ ಚಿತ್ರಕಾರನಿಗೆ ಹೇಳಿ ಮಾಡಿಸಿದ ಬಣ್ಣ ಅದು. ಬಾಬುರಾವ್ ಪಟೇಲ್ 1935ರಲ್ಲಿ ಆರಂಭಿಸಿದ್ದ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳಿಂದ ಪಂಡಿತರ ಹೆಸರು ದೇಶಕ್ಕೆಲ್ಲ ತಿಳಿಯಿತು. ಮುಂದೆ ಸ್ವಂತ ಸ್ಟುಡಿಯೊ ಮಾಡಿಕೊಂಡು ಪೋಸ್ಟರ್, ಮುಖಪುಟ, ಕ್ಯಾಲೆಂಡರುಗಳನ್ನು ಬರೆದರು.

ಪಂಡಿತರ ಕ್ಯಾಲೆಂಡರ್ ಚಿತ್ರಗಳಲ್ಲಿ ಎರಡು ಲೋಕಗಳು ಕೂಡಿವೆ. ವಿಶ್ವಾಮಿತ್ರ ಮೇನಕೆ, ರಾಧಾಕೃಷ್ಣ, ಶಕುಂತಲೆ ಎಂದು ವಸ್ತುಗಳೆಲ್ಲ ಪುರಾಣ ಕಾವ್ಯಗಳವು. ಆದರೆ ಮುಖಕ್ಕೆ ಬೀಳುವ ಬೆಳಕು, ಕೂದಲ ಅಂಚಿನ ಹೊಳಪು, ಓರೆಯಾಗಿ ನಿಂತ ಭಂಗಿ ಬಂದದ್ದು ಸಿನಿಮಾದ ಸ್ಟಿಲ್‌ಗಳಿಂದ. ತೋಳು ಎದೆಗಳ ಕಟ್ಟು ಯುರೋಪಿನ ಅಕಾಡೆಮಿಕ್ ಅಭ್ಯಾಸದಿಂದ. ರವಿವರ್ಮರ ದೇವತೆಗಳು ಗಂಭೀರವಾಗಿ ನಿಲ್ಲುತ್ತಾರೆ, ಪಂಡಿತರ ಪಾತ್ರಗಳು ಕಥೆಯ ನಡುವೆ ಸಿಕ್ಕಿಬಿದ್ದವರಂತೆ ಚಲಿಸುತ್ತವೆ. ಇದನ್ನು ಅಗ್ಗದ ಬೆರಕೆ ಎಂದು ತಳ್ಳಿಹಾಕಿದ ಕಲಾವಿಮರ್ಶೆ ಬಹುಕಾಲ ಇತ್ತು. ಆ ತೀರ್ಮಾನ ಅನ್ಯಾಯದ್ದು. ಆಕೃತಿಯ ಮೇಲಿನ ಹಿಡಿತ, ಬಣ್ಣದ ಸಂಯಮ, ಒಂದೇ ಕ್ಷಣದಲ್ಲಿ ಇಡೀ ಪ್ರಸಂಗ ಹೇಳುವ ಜಾಣ್ಮೆ ಇವು ಗ್ಯಾಲರಿಗೆ ಬರೆದರೂ ಕ್ಯಾಲೆಂಡರಿಗೆ ಬರೆದರೂ ಒಂದೇ. ಪಂಡಿತರು ಚಿತ್ರದ ಮೂಲೆಯಲ್ಲಿ ತಪ್ಪದೆ ರುಜು ಹಾಕುತ್ತಿದ್ದರು. ಹೆಸರು ನೋಡಿ ಪಟ ಕೊಳ್ಳುವ ಗಿರಾಕಿಗಳು ಹುಟ್ಟಿಕೊಂಡದ್ದರಿಂದ ಪ್ರಕಾಶಕರು ಅದನ್ನು ಅಳಿಸುವಂತಿರಲಿಲ್ಲ. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರದೇ ಹೆಸರಿದೆ.

ಕ್ಯಾಲೆಂಡರಿಗೆ ಬರೆಯುವಾಗ ಚಿತ್ರಕಾರ ಪಾಲಿಸಬೇಕಾದ ಕಟ್ಟುಪಾಡುಗಳಿದ್ದವು. ಪೂಜೆಗೆ ಬಳಸುವ ಪಟವಾದರೆ ದೇವರು ನೇರವಾಗಿ ನೋಡಬೇಕು, ಕೈಮುಗಿದವರ ಕಣ್ಣಿಗೆ ದೇವರ ಕಣ್ಣು ಸಿಗಬೇಕು. ಆಯುಧ, ವಾಹನ, ಕೈಗಳ ಸಂಖ್ಯೆ ತಪ್ಪಕೂಡದು. ಕೆಳಗೆ ಅಂಗಡಿಯ ಹೆಸರಿಗೆ ಜಾಗ ಬಿಡಬೇಕು. ಮದ್ರಾಸಿನಲ್ಲೂ ಅಮೃತಸರದಲ್ಲೂ ಒಪ್ಪಿಗೆಯಾಗಬೇಕಾದ್ದರಿಂದ ಸೀರೆ, ಒಡವೆ, ಮೈಬಣ್ಣ ಒಂದೇ ಪ್ರಾಂತ್ಯದ್ದೆನಿಸಬಾರದು. ವ್ಯಾಪಾರಿಗಳಿಗೆ ಲಕ್ಷ್ಮಿ ಬೇಕು, ಮಿಠಾಯಿ ಅಂಗಡಿಗೆ ಬಾಲಕೃಷ್ಣ, ಟ್ರ್ಯಾಕ್ಟರ್ ಮಾರುವವರಿಗೆ ರೈತ. ಸ್ಫೂರ್ತಿಗೆ ಚಿತ್ರಕಾರರು ಕಾದು ಕೂರುತ್ತಿರಲಿಲ್ಲ. ಪತ್ರಿಕೆಗಳಿಂದ ಕತ್ತರಿಸಿಟ್ಟ ಕೈ, ಕಾಲು, ಕುದುರೆ, ಮೋಡ, ಬೆಟ್ಟಗಳ ಕಡತ ಪ್ರತಿ ಸ್ಟುಡಿಯೊದಲ್ಲೂ ಇರುತ್ತಿತ್ತು. ಮನೆಯವರನ್ನೇ ನಿಲ್ಲಿಸಿ ಫೋಟೊ ತೆಗೆದು ಭಂಗಿ ಕೂಡಿಸುವವರೂ ಇದ್ದರು.

ಸ್ವಾತಂತ್ರ್ಯದ ನಂತರ ಅಚ್ಚಿನ ಕೇಂದ್ರ ದಕ್ಷಿಣಕ್ಕೆ, ತಮಿಳುನಾಡಿನ ಶಿವಕಾಶಿಗೆ ಸರಿಯಿತು. 1922ರಲ್ಲಿ ಆ ಊರಿನ ಪಿ. ಅಯ್ಯ ನಾಡಾರ್ ಮತ್ತು ಎ. ಷಣ್ಮುಗ ನಾಡಾರ್ ಕಲ್ಕತ್ತಕ್ಕೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಬೆಂಕಿಪೊಟ್ಟಣಕ್ಕೆ ಚೀಟಿ ಬೇಕು, ಪಟಾಕಿಗೆ ಸುತ್ತುಕಾಗದ ಬೇಕು. ಆ ಅಗತ್ಯದಿಂದ ಮುದ್ರಣಾಲಯಗಳು ಎದ್ದವು. ಮಳೆ ಕಡಿಮೆಯ ಒಣಹವೆ ಬೆಂಕಿಕಡ್ಡಿಯಂತೆ ಅಚ್ಚಿನ ಕಾಗದಕ್ಕೂ ಒಗ್ಗುತ್ತದೆ. ಅಲ್ಲಿಗೆ ಹತ್ತಿರದ ಕೋವಿಲ್‌ಪಟ್ಟಿಯಲ್ಲಿ ನೆಲೆಸಿದ್ದವರು ಸಿ. ಕೊಂಡಯ್ಯ ರಾಜು. ಮದರಾಸಿನ ಕಲಾಶಾಲೆಯಲ್ಲಿ ಕಲಿತು, ಕೆಲಕಾಲ ರಮಣ ಮಹರ್ಷಿಗಳ ಆಶ್ರಮದಲ್ಲಿದ್ದು, ನಾಟಕ ಕಂಪನಿಗೆ ಪರದೆ ಬರೆಯುತ್ತ ಬಂದ ಅವರ ಸುತ್ತ ಶಿಷ್ಯರ ದೊಡ್ಡ ಬಳಗವೇ ಬೆಳೆಯಿತು. ದೇವರ ಹಿಂದೆ ಕಾಣುವ ಕಂಬಗಳು, ಇಳಿಬಿಟ್ಟ ತೆರೆ, ಸರೋವರ, ದೂರದ ಬೆಟ್ಟ ಇವೆಲ್ಲ ಆ ಬಳಗದ ಪಟಗಳಿಗೆ ಬಂದದ್ದು ನಾಟಕದ ಪರದೆಗಳಿಂದ.

ಶಿವಕಾಶಿಯ ವರ್ಷ ಪಂಚಾಂಗಕ್ಕಿಂತ ಆರ್ಡರುಗಳಿಗೆ ಹೆಚ್ಚು ಬದ್ಧ. ಮುಂದಿನ ವರ್ಷದ ಚಿತ್ರಗಳ ಮಾದರಿ ಆಲ್ಬಂ ಮಳೆಗಾಲದ ಹೊತ್ತಿಗೆ ಸಿದ್ಧವಾಗುತ್ತದೆ. ಏಜೆಂಟರು ಅದನ್ನು ಹಿಡಿದು ಊರೂರಿನ ಕಿರಾಣಿ, ಜವಳಿ, ಚಿನ್ನಬೆಳ್ಳಿ ಅಂಗಡಿಗಳಿಗೆ ಹೋಗುತ್ತಾರೆ. ವ್ಯಾಪಾರಿ ಚಿತ್ರ ಆರಿಸಿದ ಮೇಲೆ ಅವನ ಹೆಸರು, ವಿಳಾಸ ಅದರ ಕೆಳಗೆ ಅಚ್ಚಾಗಿ ಡಿಸೆಂಬರಿಗೆ ಕಟ್ಟುಗಳು ಬರುತ್ತವೆ. ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗೂ ರಾಯಚೂರಿನ ದಲಾಲಿ ಮಂಡಿಗೂ ಒಂದೇ ಲಕ್ಷ್ಮಿ ಹೋಗಬಹುದು. ಚಿತ್ರಕಾರನಿಗೆ ಸಿಗುವುದು ಚಿತ್ರಕ್ಕೊಮ್ಮೆ ಕೊಡುವ ಹಣ. ಒಂದು ಸಾವಿರ ಪ್ರತಿ ಹೋದರೂ ಹತ್ತು ಲಕ್ಷ ಹೋದರೂ ಅಷ್ಟೇ. ಹಿಂದಿನ ವರ್ಷ ಚೆನ್ನಾಗಿ ಓಡಿದ ಪಟವನ್ನೇ ಮುಂದಿಟ್ಟು, ಸೀರೆಯ ಬಣ್ಣ ಬದಲಿಸಿ, ಕಮಲ ದೊಡ್ಡದು ಮಾಡಿ ಎಂದು ಪ್ರಕಾಶಕರು ಕೇಳುತ್ತಿದ್ದರು. ಹೀಗೆ ಒಬ್ಬರ ಮುಖ, ಇನ್ನೊಬ್ಬರ ಕೈ, ಮತ್ತೊಬ್ಬರ ಹಿನ್ನೆಲೆ ಸೇರಿದ ಪಟಗಳು ಬಂದವು.

ಕನ್ನಡನಾಡಿನ ಗೋಡೆಗಳಲ್ಲಿ ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಕ್ಯಾಲೆಂಡರೂ ಇತ್ತು. 1916ರಲ್ಲಿ ಸ್ಥಾಪನೆಯಾದ ಬೆಂಗಳೂರು ಪ್ರೆಸ್ 1921ರಿಂದ ಹೊರಡಿಸುತ್ತಿರುವ ಕ್ಯಾಲೆಂಡರಿನಲ್ಲಿ ಚಿತ್ರಕ್ಕೆ ಪ್ರಾಧಾನ್ಯವಿಲ್ಲ. ದೂರದಿಂದಲೂ ಕಾಣುವ ದಪ್ಪ ಅಂಕಿ, ತಿಥಿ, ನಕ್ಷತ್ರ, ರಜೆ, ಹಬ್ಬಗಳೇ ಅದರ ಸರ್ವಸ್ವ. ವಿನ್ಯಾಸವೆಂದರೆ ಅಲಂಕಾರವಲ್ಲ, ಬೇಕಾದ್ದು ಬೇಕಾದಾಗ ಕಣ್ಣಿಗೆ ಸಿಗುವಂತೆ ಇಡುವುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ವಿರಳ. 1973ರಲ್ಲಿ ಮುಂಬೈಯಲ್ಲಿ ಜಯಂತರಾವ್ ಸಾಳಗಾಂವಕರ್ ಆರಂಭಿಸಿದ ‘ಕಾಲನಿರ್ಣಯ’ ಹಾಳೆಯ ಹಿಂಬದಿಯನ್ನೂ ಲೇಖನ, ಅಡುಗೆ, ಭವಿಷ್ಯಗಳಿಂದ ತುಂಬಿಸಿ ಕನ್ನಡದಲ್ಲೂ ಬಂತು. ಇಂಥವು ಅಡುಗೆಮನೆಯ ಗೋಡೆ ಹಿಡಿದಂತೆ ಚಿತ್ರದ ಕ್ಯಾಲೆಂಡರಿನ ಬೇಡಿಕೆ ಇಳಿಯಿತು.

ಕುಂಚದ ಕೆಲಸಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಕಂಪ್ಯೂಟರ್. ಪೇಜ್‌ಮೇಕರ್ 1985ರಲ್ಲಿ, ಕೋರೆಲ್‌ಡ್ರಾ 1989ರಲ್ಲಿ, ಫೋಟೊಶಾಪ್ 1990ರಲ್ಲಿ ಬಂದವು. ಅಲ್ಲಿಯವರೆಗೆ ಚಿತ್ರವನ್ನು ಬಣ್ಣಬಣ್ಣವಾಗಿ ಬಿಡಿಸಿ ಚುಕ್ಕಿಯಿಟ್ಟು ಕೊಡುತ್ತಿದ್ದ ಲಿಥೊ ಕಲಾವಿದರ ಕೆಲಸವನ್ನು ಸ್ಕ್ಯಾನರ್ ನುಂಗಿತು. ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲೂ ಡಿಟಿಪಿ ಅಂಗಡಿಗಳು ತೆರೆದವು; ಲಗ್ನಪತ್ರಿಕೆ, ಕರಪತ್ರ, ಪುಸ್ತಕದ ಮುಖಪುಟ, ಕ್ಯಾಲೆಂಡರ್ ಎಲ್ಲವೂ ಒಂದೇ ಮೇಜಿನ ಮೇಲೆ ಆಗತೊಡಗಿದವು. ‘ಬರಹ’, ‘ನುಡಿ’ ತಂತ್ರಾಂಶಗಳಿಂದ ಕನ್ನಡ ಅಕ್ಷರ ಸುಲಭವಾಯಿತು, ಆದರೆ ಫಾಂಟುಗಳು ಕೆಲವೇ ಆದದ್ದರಿಂದ ಕೈಬರಹದ ಶೀರ್ಷಿಕೆಗಳಲ್ಲಿದ್ದ ವೈವಿಧ್ಯ ಬಹುಕಾಲ ಕಳೆದುಹೋಯಿತು. ಬೋರ್ಡು ಬರೆಯುವ ಪೇಂಟರುಗಳ ಕೆಲಸವನ್ನು ಫ್ಲೆಕ್ಸ್ ಕಿತ್ತುಕೊಂಡಿತು. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನ ಬೀದಿಗಳಿಂದ ಅಕ್ರಮ ಫ್ಲೆಕ್ಸ್‌ಗಳನ್ನು ತೆಗೆದರೂ ಆ ಪೇಂಟರುಗಳಲ್ಲಿ ಹಲವರು ಅಷ್ಟರಲ್ಲಿ ಬೇರೆ ಉದ್ಯೋಗ ಹಿಡಿದಿದ್ದರು.

ಮನೆಯಿಂದಲೇ ಕೆಲಸ ಮಾಡುವ ಇಂದಿನ ಫ್ರೀಲಾನ್ಸ್ ಡಿಸೈನರ್‌ಗೂ ರವಿವರ್ಮರ ಕಾಲದ ಹಕ್ಕಿನ ಪ್ರಶ್ನೆಯೇ ಎದುರಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು. ಹಾಗಾಗಿ ಎಷ್ಟು ಪ್ರತಿ, ಎಷ್ಟು ವರ್ಷ, ಎಲ್ಲೆಲ್ಲಿ ಬಳಕೆ ಎಂಬುದನ್ನು ಮೊದಲೇ ಬರಹದಲ್ಲಿ ಇಟ್ಟುಕೊಳ್ಳದ ಚಿತ್ರಕಾರನಿಗೆ ಆಮೇಲೆ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಹಕ್ಕು ಮಾರಿದ ಮೇಲೂ ಇದು ತನ್ನ ಕೃತಿ ಎಂದು ಹೇಳಿಕೊಳ್ಳುವ, ಮರ್ಯಾದೆಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು 57ನೆಯ ಕಲಮು ಕೃತಿಕಾರರಲ್ಲೇ ಉಳಿಸಿದೆ. ದೆಹಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತುಹಾಕಿದ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ್ ಸೆಹಗಲ್ ಇದೇ ಕಲಮಿನಡಿ ಕೇಂದ್ರ ಸರ್ಕಾರದ ವಿರುದ್ಧ ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪದ ಉಳಿದ ಭಾಗಗಳನ್ನು ಅವರಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಆ ಕಲಮು ಶಿಲ್ಪಕ್ಕೆ ಎಷ್ಟು ಅನ್ವಯಿಸುತ್ತದೋ ಪುಸ್ತಕದ ಮುಖಪುಟಕ್ಕೂ ಕ್ಯಾಲೆಂಡರಿನ ಪಟಕ್ಕೂ ಅಷ್ಟೇ ಅನ್ವಯಿಸುತ್ತದೆ.