ದಾಮೆರ್ಲ ರಾಮರಾವ್ ಮತ್ತು ಗೋದಾವರಿ ದಂಡೆಯ ಚಿತ್ರಶಾಲೆ

1925ರ ಫೆಬ್ರವರಿ 6ರಂದು ಸಿಡುಬಿನಿಂದ ತೀರಿಕೊಂಡಾಗ ರಾಜಮಹೇಂದ್ರಿಯ ಚಿತ್ರಕಾರ ದಾಮೆರ್ಲ ರಾಮರಾವ್ ಅವರಿಗೆ 28 ತುಂಬಲು ಇನ್ನೂ ಒಂದು ತಿಂಗಳಿತ್ತು. ಆಧುನಿಕ ಆಂಧ್ರ ಚಿತ್ರಕಲೆಯ ಚರಿತ್ರೆಯಲ್ಲಿ ಅವರ ಹೆಸರು ಬಂದಾಗಲೆಲ್ಲ ಈ ಅಕಾಲ ಮರಣದ ಮಾತೂ ಬರುತ್ತದೆ. ಅದು ಸಹಜವೇ. ಆದರೆ ಈ ದುಃಖದ ಮರೆಯಲ್ಲಿ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಓದು ಮುಗಿಸಿ ಬಂದ ಮೇಲೆ ಅವರಿಗೆ ಸಿಕ್ಕಿದ್ದು ಸುಮಾರು ಐದೇ ವರ್ಷ. ಅಷ್ಟರಲ್ಲಿ ಅವರು ಕಟ್ಟಿದ ಚಿತ್ರಶಾಲೆ ಅವರೊಂದಿಗೇ ಏಕೆ ಮುಗಿದುಹೋಗಲಿಲ್ಲ?

ಉತ್ತರ ಹುಡುಕಲು ಅವರ ಗುರುವಿನಿಂದಲೇ ಆರಂಭಿಸಬೇಕು. 1897ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದ ರಾಮರಾಯರ ಕೈಗುಣವನ್ನು ಗುರುತಿಸಿದವರು ಅಲ್ಲಿನ ಸರ್ಕಾರಿ ಕಾಲೇಜಿನ ಪ್ರಾಂಶುಪಾಲ ಆಸ್ವಾಲ್ಡ್ ಕೌಲ್ಡ್ರಿ. ಇವರು ಇಂಗ್ಲೆಂಡಿನ ಕವಿ, ಚಿತ್ರಕಾರ. ಮುಂದೆ ತೆಲುಗಿನ ದೊಡ್ಡ ಕಾದಂಬರಿಕಾರರಾದ, ತಾವೂ ಚಿತ್ರ ಬರೆಯುತ್ತಿದ್ದ ಅಡವಿ ಬಾಪಿರಾಜು ಅವರೂ ಕೌಲ್ಡ್ರಿಯವರ ಶಿಷ್ಯರೇ. ಶಿಷ್ಯರಿಗೆ ಅಜಂತೆಯ ಕಡೆಗೆ ದಾರಿ ತೋರಿಸಿದವರೂ ಈ ಗುರುವೇ. 1916ರಲ್ಲಿ ಅವರ ನೆರವಿನಿಂದಲೇ ರಾಮರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಹೆಚ್ಚುಕಡಿಮೆ ಅದೇ ಕಾಲಘಟ್ಟದಲ್ಲಿ ನಮ್ಮ ಕೆ. ವೆಂಕಟಪ್ಪನವರು ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದಿದ್ದರು. ರಾಜಮಹೇಂದ್ರಿಯಲ್ಲಿ ಅಂಥ ಆಸ್ಥಾನವಿರಲಿಲ್ಲ. ಅರಮನೆ ಮಾಡುವ ಕೆಲಸವನ್ನು ಅಲ್ಲಿ ಒಬ್ಬ ಮೇಷ್ಟ್ರು ಮಾಡಿದರು.

ಮುಂಬಯಿಯಲ್ಲಿ ದೊರೆತದ್ದು ಯುರೋಪಿನ ಪದ್ಧತಿಯ ಶಿಕ್ಷಣ. ಮನುಷ್ಯನ ಮೈಕಟ್ಟನ್ನು ನೋಡಿ ನೋಡಿ ಬರೆಯುವ ಶಿಸ್ತು ಅದು. 1920ರ ಹೊತ್ತಿಗೆ ಓದು ಮುಗಿಸಿದ ರಾಮರಾಯರು ಆ ಶಿಸ್ತನ್ನು ಬಿಡಲಿಲ್ಲ, ಅದರಲ್ಲೇ ನಿಲ್ಲಲೂ ಇಲ್ಲ. ಹೆಚ್ಚಾಗಿ ಜಲವರ್ಣದಲ್ಲಿ ಕೆಲಸ ಮಾಡಿದ ಅವರು ತೆಳುವಾದ ಬಣ್ಣ, ಹರಿಯುವ ರೇಖೆಗಳನ್ನು ನೆಚ್ಚಿಕೊಂಡರು. 'ಪುಷ್ಪಾಲಂಕರಣ', 'ನಂದಿಪೂಜೆ' ಚಿತ್ರಗಳ ಹೆಂಗಸರ ಉಡುಗೆ ತೊಡುಗೆ, ನಿಲುವು, ಮುಡಿ ಎಲ್ಲವೂ ಗೋದಾವರಿ ಸೀಮೆಯ ಮನೆ ಅಂಗಳದಿಂದ ಬಂದಂಥವು. 'ಸಿದ್ಧಾರ್ಥ ರಾಗೋದಯ'ದಲ್ಲಿ ಅವರು ಆರಿಸಿಕೊಂಡದ್ದು ರಾಜಕುಮಾರ ಮನೆ ಬಿಟ್ಟು ಹೊರಡುವ ಗಳಿಗೆಯನ್ನಲ್ಲ, ಅವನಲ್ಲಿ ಅನುರಾಗ ಮೂಡುವ ಗಳಿಗೆಯನ್ನು. 1922ರಲ್ಲಿ ಕಲ್ಕತ್ತೆಯ ಪ್ರದರ್ಶನದಲ್ಲಿ ಅವರ 'ಋಷ್ಯಶೃಂಗ' ಚಿತ್ರಕ್ಕೆ ವೈಸರಾಯ್ ಬಹುಮಾನ ಬಂತು. 1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನಕ್ಕೂ ಅವರ ಚಿತ್ರಕಲೆ ಹೋಯಿತು.

ಇಷ್ಟು ಹೆಸರು ಬಂದ ಮೇಲೆ ಮುಂಬಯಿಯಲ್ಲೋ ಕಲ್ಕತ್ತೆಯಲ್ಲೋ ನೆಲೆಸುವುದು ಸುಲಭವಿತ್ತು. ಅವರು ಹುಟ್ಟೂರಿನಲ್ಲೇ ಚಿತ್ರಶಾಲೆ ಮತ್ತು ಕಲಾಸಂಘ ಕಟ್ಟಿದರು. ಆಗ ಮಚಲೀಪಟ್ಟಣದ ಆಂಧ್ರ ಜಾತೀಯ ಕಲಾಶಾಲೆಯಲ್ಲಿ ಪ್ರಮೋದಕುಮಾರ ಚಟರ್ಜಿಯವರು ಬಂಗಾಳಿ ಶೈಲಿಯನ್ನು ಕಲಿಸುತ್ತಿದ್ದರು. ಬಾಪಿರಾಜು ಅತ್ತ ಹೋದರು. ಸ್ವದೇಶಿ ಎಂದರೆ ಬಂಗಾಳದ ಮಾದರಿ ಎಂಬ ನಂಬಿಕೆ ಬಲವಾಗಿದ್ದ ಕಾಲವದು. ರಾಮರಾಯರು ಆ ಮಾದರಿಯನ್ನು ಹಾಗೆಯೇ ಎತ್ತಿಕೊಳ್ಳದೆ, ತಮ್ಮ ಸೀಮೆಯ ಮುಖ, ಬೆಟ್ಟ, ನದಿಗಳಲ್ಲಿ ಬೇರೊಂದು ದಾರಿ ಹುಡುಕಿದರು. ತೆಲುಗರಿಗೆ ಆಂಧ್ರವೆಂಬ ರಾಜ್ಯ ದೊರೆತದ್ದು 1953ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಆಂಧ್ರ ಚಿತ್ರಕಲೆ ಎಂಬ ಮಾತಿಗೆ ಈ ಪುಟ್ಟ ಶಾಲೆ ಅರ್ಥ ಕೊಡುತ್ತಿತ್ತು. ಆ ಅರ್ಥ ಬೇಲಿ ಹಾಕಿಕೊಂಡದ್ದಲ್ಲ. ಇಂಗ್ಲಿಷ್ ಗುರು, ಮುಂಬಯಿಯ ತರಬೇತಿ, ಅಜಂತೆಯ ರೇಖೆ ಮೂರೂ ಅದರೊಳಗಿದ್ದವು. ಪ್ರಾದೇಶಿಕ ಕಲೆ ಎಂದರೆ ಹೊರಗಿನದನ್ನು ಮುಟ್ಟದ ಕಲೆ ಎಂದು ತಿಳಿಯುವವರು ಈ ಶಾಲೆಯ ಹುಟ್ಟನ್ನು ಗಮನಿಸಬೇಕು.

ಇನ್ನು, ಮೊದಲು ಕೇಳಿದ ಪ್ರಶ್ನೆ. ರಾಮರಾಯರು ತಾವು ಮಾಗುವವರೆಗೆ ಕಲಿಸಲು ಕಾಯಲಿಲ್ಲ. ಪತ್ನಿ ಸತ್ಯವಾಣಿ, ತಂಗಿ ಬುಚ್ಚಿಕೃಷ್ಣಮ್ಮ ಇಬ್ಬರೂ ಅವರಿಂದ ಕುಂಚ ಹಿಡಿಯಲು ಕಲಿತು ಚಿತ್ರ ಬರೆದರು. ಮನೆಯ ಹೆಣ್ಣುಮಕ್ಕಳನ್ನು ಚಿತ್ರದ ವಸ್ತುವಾಗಿ ಕಂಡ ಕಲಾವಿದರು ಆ ಕಾಲದಲ್ಲಿ ಬಹಳ ಮಂದಿ. ಅವರನ್ನು ಚಿತ್ರಕಾರರಾಗಿ ಕಂಡವರು ಕಡಿಮೆ. ರಾಮರಾಯರ ನಿಧನದ ನಂತರ ಶಾಲೆಯ ಭಾರ ಹೊತ್ತವರು ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದ ವರದಾ ವೆಂಕಟರತ್ನಂ. ಶಾಲೆ ಒಬ್ಬರ ಹೆಸರಿನಲ್ಲಿತ್ತು, ಕೆಲಸ ಹಲವರ ಕೈಯಲ್ಲಿತ್ತು.

ಕನ್ನಡದ ಓದುಗರಿಗೆ ಇದು ತೀರಾ ಅಪರಿಚಿತ ಕಥೆಯಲ್ಲ. 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ಆರಂಭಿಸಿದ ಅ.ನ. ಸುಬ್ಬರಾಯರು ಹಿಡಿದದ್ದೂ ಇದೇ ದಾರಿ. 1965ರವರೆಗೆ ಬಾಳಿದ ವೆಂಕಟಪ್ಪನವರು ಏಕಾಂತದಲ್ಲಿ ಸಾಧನೆ ಮಾಡಿದರೇ ಹೊರತು ಶಾಲೆ ಕಟ್ಟಲಿಲ್ಲ. ಇದು ಅವರ ಕಲೆಯ ಎತ್ತರವನ್ನು ತಗ್ಗಿಸುವ ಮಾತಲ್ಲ. ಆದರೆ ನಾವು ಕಲಾಚರಿತ್ರೆ ಬರೆಯುವಾಗ ಚಿತ್ರಗಳನ್ನು ಎಣಿಸುತ್ತೇವೆ, ಬಹುಮಾನಗಳನ್ನು ಎಣಿಸುತ್ತೇವೆ. ಕಲಿಸಿದ್ದನ್ನು ಮಾತ್ರ ಕೊನೆಯ ಸಾಲಿಗೆ ಬಿಡುತ್ತೇವೆ. ಹಾಗೆ ಬರೆದರೆ ರಾಮರಾಯರದು ಅರ್ಧಕ್ಕೆ ನಿಂತ ಬದುಕಾಗುತ್ತದೆ. ಮೇಷ್ಟ್ರಾಗಿ ನೋಡಿದರೆ ಹಾಗೆನ್ನಲಾಗದು. ರಾಜಮಹೇಂದ್ರಿಯಲ್ಲಿ ಅವರ ಹೆಸರಿನ ಕಲಾಗ್ಯಾಲರಿ ಇದೆ. ಅಲ್ಲಿಗೆ ಹೋದವರು ರಾಮರಾಯರ ಚಿತ್ರಗಳ ಜೊತೆಗೆ ಸತ್ಯವಾಣಿ, ಬುಚ್ಚಿಕೃಷ್ಣಮ್ಮ, ವೆಂಕಟರತ್ನಂ ಅವರ ಚಿತ್ರಗಳ ಮುಂದೆಯೂ ಅಷ್ಟೇ ಹೊತ್ತು ನಿಲ್ಲಬೇಕು.