ಹಿಸ್ಸೆಯಿಂದ ಪೋಡಿಯವರೆಗೆ: ಜಮೀನು ಪಾಲಾಗುವ ಬಗೆ

ಅಣ್ಣತಮ್ಮಂದಿರು ಜಮೀನು ಹಂಚಿಕೊಂಡು ಬರೆಸುವ ಪತ್ರವನ್ನು ನಮ್ಮ ಹಿರಿಯರು ಪಾರೀಖತ್ತು ಎನ್ನುತ್ತಿದ್ದರು. ಅರಬ್ಬಿಯಲ್ಲಿ ‘ಫಾರಿಗ್’ ಎಂದರೆ ಬಿಡುಗಡೆ ಹೊಂದಿದವನು, ‘ಖತ್’ ಎಂದರೆ ಬರಹ. ಹಕ್ಕು, ಹಿಸ್ಸೆ, ವಾರಸು, ತಕರಾರು, ತಹಸೀಲ್ದಾರ್ ಎಲ್ಲವೂ ಹೀಗೆಯೇ ಆಡಳಿತದ ದಾರಿಯಲ್ಲಿ ಬಂದು ಕನ್ನಡವಾದ ಮಾತುಗಳು. ಜಮೀನಿನ ವಿಚಾರದಲ್ಲಿ ಹಿಂದೂ ಮುಸ್ಲಿಮರು ಆಡುವ ಭಾಷೆ ಒಂದೇ. ಹೆಣ್ಣುಮಕ್ಕಳ ಪಾಲನ್ನು ಮರೆಯುವುದರಲ್ಲೂ ಇಬ್ಬರದು ಒಂದೇ ದಾರಿ ಎಂಬುದು ನೋವಿನ ಸಂಗತಿ.

ಇಸ್ಲಾಮೀ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಎಂಬುದಿಲ್ಲ. ಒಡೆಯನ ಮರಣದೊಂದಿಗೇ ವಾರಸುದಾರರ ಅಂಶಗಳು ನಿಗದಿಯಾಗುತ್ತವೆ. ಸಾಲ ಮತ್ತು ವಸಿಯ್ಯತ್ತು ಕಳೆದು 24 ಎಕರೆ ಉಳಿಯಿತೆನ್ನೋಣ. ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಮಾತ್ರ ವಾರಸುದಾರರಾದರೆ ಪತ್ನಿಗೆ ಎಂಟನೇ ಒಂದು, ಅಂದರೆ 3 ಎಕರೆ. ಉಳಿದ 21ರಲ್ಲಿ ಪ್ರತಿ ಮಗನಿಗೆ 6, ಪ್ರತಿ ಮಗಳಿಗೆ 3.

1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಮದ್ರಾಸ್ ಪ್ರಾಂತ್ಯ 1949ರಲ್ಲಿ ತಿದ್ದುಪಡಿ ತಂದು ಕೃಷಿಭೂಮಿಯನ್ನೂ ಒಳಗೊಳಿಸಿತು. ಆಗ ಚಾರ್ಮಾಡಿ ಘಾಟಿಯ ಕೆಳಗಿನ ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಮೇಲಿನ ಮೂಡಿಗೆರೆ ಮೈಸೂರಿನಲ್ಲಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಮಾಡಿತ್ತು. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೊರೆತದ್ದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ.

ಅಂಶ ಗೊತ್ತಾದ ಮಾತ್ರಕ್ಕೆ ಭೂಮಿ ಕೈಗೆ ಬರುವುದಿಲ್ಲ. ಹೇಮಾವತಿ ಹುಟ್ಟುವ ಜಾವಳಿಯಂಥ ಊರಿನಲ್ಲಿ ಎಕರೆ ಲೆಕ್ಕ ಸಾಲದು. ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ. ಕೆರೆ ಯಾರ ಪಾಲಿಗೆ? ಕಾಫಿ ಒಣಗಿಸುವ ಕಣ ಯಾರಿಗೆ? ಹಿಂದಿನ ತುಂಡಿಗೆ ದಾರಿ ಎಲ್ಲಿ? ಫಸಲು ಕೊಡುವ ಗಿಡವೂ ಹಳೆಯ ಬೊಡ್ಡೆಯೂ ಸಮವಲ್ಲ.

ಎಲ್ಲರೂ ಒಪ್ಪಿದರೆ ದಾರಿ ಸರಳ. ಭೂಮಾಪಕರಿಂದ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿ, ಖಾತೆ ಬದಲಾಯಿಸಿಕೊಳ್ಳಬೇಕು. ಪೋಡಿಯಾದಾಗ ಪ್ರತಿ ತುಂಡಿಗೂ ಬೇರೆ ಹಿಸ್ಸಾ ನಂಬರು, ಬೇರೆ ಪಹಣಿ.

ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ವಿಭಾಗ ದಾವೆ ಹೂಡಬೇಕು. ಎಲ್ಲ ಪಾಲುದಾರರೂ ಅದರಲ್ಲಿ ಕಕ್ಷಿಗಳಾಗಬೇಕು. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಎಂದು ಹೇಳುತ್ತದೆ, ಅಂತಿಮ ಡಿಕ್ರಿ ಯಾವ ತುಂಡು ಯಾರಿಗೆ ಎಂದು ಹೇಳುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮು ಕಂದಾಯದ ಭೂಮಿ ಹಂಚುವ ಕೆಲಸವನ್ನು ಜಿಲ್ಲಾಧಿಕಾರಿಗೆ ಒಪ್ಪಿಸಿತ್ತು. ಕರ್ನಾಟಕದ 1998ರ ತಿದ್ದುಪಡಿ ಅದನ್ನು ನ್ಯಾಯಾಲಯಕ್ಕೇ ಕೊಟ್ಟಿತು. ಬೇಕಾದರೆ ತಹಸೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದಲೋ ಕಮಿಷನರರಿಂದಲೋ ವರದಿ ತರಿಸಿಕೊಳ್ಳಬಹುದು. ಹಂಚಲು ಬಾರದ ಆಸ್ತಿಯನ್ನು ಮಾರಿ ಹಣ ಹಂಚುವುದಕ್ಕೂ, ಪಾಲುದಾರನೇ ಅದನ್ನು ಕೊಳ್ಳುವುದಕ್ಕೂ 1893ರ ವಿಭಾಗ ಕಾಯ್ದೆಯಲ್ಲಿ ಅವಕಾಶವಿದೆ.

ಪ್ರಾಥಮಿಕ ಡಿಕ್ರಿಯ ನಂತರ ದಾವೆಗಳು ವರ್ಷಗಟ್ಟಲೆ ಮಲಗುತ್ತಿದ್ದವು. ಕಕ್ಷಿದಾರರ ಬೇರೆ ಅರ್ಜಿಗೆ ಕಾಯದೆ ನ್ಯಾಯಾಲಯಗಳೇ ಅಂತಿಮ ಡಿಕ್ರಿಯತ್ತ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿತು.

ವಿಳಂಬದಿಂದ ನಷ್ಟವಾಗುವುದು ತೋಟ ಕೈಯಲ್ಲಿಲ್ಲದವರಿಗೆ. ಅಜ್ಜನ ಹೆಸರಿನ ಖಾತೆ ಹಾಗೆಯೇ ಉಳಿಯುತ್ತದೆ. ಫಸಲು ಅಣ್ಣನ ಮನೆಗೆ ಹೋಗುತ್ತದೆ. ತಂಗಿ ಸಂಬಂಧ ಕೆಡದಿರಲೆಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾಳೆ. ಪಹಣಿಯಲ್ಲಿ ಒಬ್ಬನ ಹೆಸರು ಬಂದ ಮಾತ್ರಕ್ಕೆ ಉಳಿದವರ ಒಡೆತನ ಅಳಿಯದು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೆ ತಾನಾಗಿ ಬರೆದುಕೊಟ್ಟ ನೋಂದಾಯಿತ ಬಿಡುಗಡೆ ಪತ್ರವನ್ನು ರದ್ದುಪಡಿಸುವುದು ಸುಲಭವಲ್ಲ.

ತಂದೆತಾಯಿ ಬಿಟ್ಟುಹೋದುದರಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಗಂಡಿಗೂ ಹೆಣ್ಣಿಗೂ ಪಾಲಿದೆ ಎಂಬುದು ಕುರ್‌ಆನಿನ ಅನ್ನಿಸಾ ಅಧ್ಯಾಯದ ಆದೇಶ. ಮದುವೆಯ ಖರ್ಚಾಗಲಿ, ಹಬ್ಬದ ಉಡುಗೊರೆಯಾಗಲಿ ಆ ಪಾಲಿಗೆ ಬದಲಿಯಲ್ಲ. ಅಕ್ಕತಂಗಿಯರನ್ನು ಕೂರಿಸಿಕೊಂಡು, ಅವರ ತುಂಡಿಗೂ ನಕ್ಷೆ ಮಾಡಿಸಿ, ಅವರ ಹೆಸರಿಗೂ ಪಹಣಿ ಬಂದ ದಿನವೇ ಆ ಮನೆಯ ಗಂಡುಮಕ್ಕಳು ನಿಜಕ್ಕೂ ಫಾರಿಗ್ ಆದರು, ಹೊಣೆಯಿಂದ ಬಿಡುಗಡೆ ಹೊಂದಿದರು ಎನ್ನಬೇಕು.